ಅಮ್ಮನ ಸಮೇತ ಹೋದ ಕಾರು

೨೦೦೨ರಲ್ಲಿ ನಾನು ಮೊದಲ ಕಾರು ಕೊಂಡೆ. ಹೊಸದಲ್ಲ. ಒಂದು ಕಂಪನಿ ತನ್ನ ಅಧಿಕಾರಿಗೆಂದು ಲೀಸ್‌ಗೆ ಪಡೆದಿದ್ದ ಬಿಳಿ ಕಾರು. ಅವಧಿ ಮುಗಿದ ಮೇಲೆ ಲೀಸ್ ಕೊಟ್ಟವರು ಮಾರಾಟಕ್ಕಿಟ್ಟಿದ್ದರು. ಒಂದೇ ಕೀಲಿ ಕೊಟ್ಟು, ಇನ್ನೊಂದು ಕಳೆದುಹೋಗಿದೆ ಎಂದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅದೇ ವಾರ ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕಣ್ಣಿಗೆ ಸ್ವಲ್ಪವೂ ಪೆಟ್ಟಾಗಬಾರದು, ತಲೆಗೆ ಕುಲುಕಾಟ ಬೇಡ ಎಂದು ವೈದ್ಯರು ಎಚ್ಚರಿಸಿದ್ದರು. ಆಸ್ಪತ್ರೆಯಿಂದ ಹನುಮಂತನಗರದ ಮನೆಗೆ ಬರುವ ದಾರಿಯಲ್ಲಿ, ಚಾಮರಾಜಪೇಟೆಯ ಔಷಧಿ ಅಂಗಡಿಯೊಂದರ ಬಳಿ ನಿಲ್ಲಿಸಿದೆ. ಅಮ್ಮ ಹಿಂದಿನ ಸೀಟಿನಲ್ಲಿ ಮಲಗಿದ್ದರು.

“ಡ್ರಾಪ್ಸ್ ತಗೊಂಡು ಬಂದ್ಬಿಡ್ತೀನಿ.”

“ಬಾಗಿಲು ಹಾಕ್ಕೊಂಡು ಹೋಗೋ, ಧೂಳು.”

ವಾಪಸ್ ಬಂದಾಗ ಆ ಜಾಗದಲ್ಲಿ ಆಟೋ ನಿಂತಿತ್ತು. ರಸ್ತೆಯ ಎರಡೂ ಕಡೆ ಓಡಿ ನೋಡಿದೆ. ಕಾರಿಲ್ಲ.

“ಬಿಳೀ ಕಾರಾ? ಡ್ರೈವರ್ ಬಂದು ಕೀ ಹಾಕಿ ತಗೊಂಡು ಹೋದ್ನಲ್ಲ,” ಎಂದ ಆಟೋದವನು.

ಕೀಲಿ ನನ್ನ ಮುಷ್ಟಿಯಲ್ಲಿತ್ತು. “ಒಳಗೆ ನಮ್ಮಮ್ಮ ಇದಾರೆ!”

“ಹತ್ತಿ ಸಾರ್, ಸ್ಟೇಷನ್‌ಗೆ ಹೋಗೋಣ.”

ದಾರಿಯುದ್ದಕ್ಕೂ ಪ್ರತಿ ಬಿಳಿ ಕಾರಿನೊಳಗೂ ಇಣುಕಿದೆ. ಅಮ್ಮನಿಗೆ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಎಲ್ಲಾದರೂ ಇಳಿಸಿಬಿಟ್ಟರೆ ರಸ್ತೆ ದಾಟುವುದೂ ಅವರಿಂದಾಗದು.

ಠಾಣೆಯ ಆವರಣದಲ್ಲೇ ನನ್ನ ಕಾರು ನಿಂತಿತ್ತು. ಒಳಗೆ ಬೆಂಚಿನ ಮೇಲೆ ಅಮ್ಮ. ಪೇದೆಯೊಬ್ಬ ನಡುವಯಸ್ಸಿನವನ ಕೊರಳಪಟ್ಟಿ ಹಿಡಿದಿದ್ದ.

“ಬಂದ್ಯಾ? ಈಯಪ್ಪನ್ನ ಹೊಡೀಬೇಡಿ ಅಂತ ಹೇಳೋ. ನನ್ ಮಾತು ಕೇಳ್ತಿಲ್ಲ ಇವ್ರು,” ಎಂದರು ಅಮ್ಮ.

ಆತ ಕೆಂಪಣ್ಣ, ಮೊದಲು ಕಾರನ್ನು ಲೀಸ್‌ಗೆ ಪಡೆದಿದ್ದ ಕಂಪನಿಯ ಡ್ರೈವರ್. “ನಾಕು ವರ್ಷ ನಾನೇ ಓಡ್ಸಿದ್ ಗಾಡಿ ಸಾರ್. ಮದುವೆಗೆ ಅಂತ ಊರಿಗೆ ಹೋಗಿದ್ದೆ, ಇನ್ನೊಂದು ಕೀ ನನ್ ಜೇಬಲ್ಲೇ ಇತ್ತು. ಲೀಸ್ ಮುಗೀತು, ಮಾರಿದ್ರು ಅಂತ ಯಾರೂ ಹೇಳ್ಲಿಲ್ಲ. ಇಲ್ಲಿ ನಂಬರ್ ನೋಡಿ, ಯಾರೋ ಕದ್ದವ್ರೆ ಅಂದ್ಕೊಂಡು ಸ್ಟೇಷನ್‌ಗೆ ತಂದೆ. ಗೇಟ್ ಹತ್ರ ಬಂದಾಗ ಹಿಂದಿಂದ ‘ನಿಧಾನಕ್ಕೆ ಹೋಗೋ ರಘು’ ಅಂದ್ರು. ಜೀವ ಹೋದಂಗಾಯ್ತು.”

“ನಾನು ನೀನೇ ಅಂದ್ಕೊಂಡಿದ್ದೆ,” ಎಂದರು ಅಮ್ಮ.

ನಾನು ಕಾಗದಪತ್ರ ತೋರಿಸಿ, ದೂರು ಬೇಡವೆಂದೆ. ಪೇದೆ ಕೈಬಿಟ್ಟ. ಆದರೆ ಕಾರಿಗೆ ಕೀಲಿ ಹಾಕಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದೆ. ಅದನ್ನು ನೋಡಿ ಕೆಂಪಣ್ಣ, “ನಾನೇ ಬಿಡ್ತೀನಿ ಸಾರ್,” ಎಂದ. ನಾನು ಅಮ್ಮನ ಪಕ್ಕ ಕುಳಿತು ಅವರ ಕೈ ಹಿಡಿದುಕೊಂಡೆ.

“ಬಿಡೋ, ಬೆವರ್ತಿದೆ,” ಎಂದರು. ಮನೆ ಬರುವವರೆಗೂ ನಾನು ಬಿಡಲಿಲ್ಲ.

ಈಗಲೂ ಯಾವ ಅಂಗಡಿಯಿಂದ ಹೊರಬಂದರೂ ನನ್ನ ಕಣ್ಣು ಮೊದಲು ಹೋಗುವುದು ಕಾರಿನ ಹಿಂದಿನ ಕಿಟಕಿಗೆ.