ಬಂಡೆಪ್ಪನ ಮನೆಯ ಸಮುದ್ರ

ಬಂಡೆಪ್ಪ ಯಾವುದನ್ನೂ ಬಡಿದು ನೋಡದೆ ನಂಬುತ್ತಿರಲಿಲ್ಲ. ಸಂತೆಯಲ್ಲಿ ಕಲ್ಲಂಗಡಿಯನ್ನು ಎಲ್ಲರೂ ಬಡಿಯುತ್ತಾರೆ, ಬಿಡಿ. ಇವನು ಗಡಿಗೆ ಬಡಿಯುತ್ತಿದ್ದ, ಬಾಗಿಲು ಬಡಿಯುತ್ತಿದ್ದ, ಮಂದಿಯ ಹೊಸ ಬೈಕಿನ ಟಾಕಿ ಬಡಿಯುತ್ತಿದ್ದ. ಮಗಳನ್ನು ನೋಡಲು ಸೇಡಂನಿಂದ ವರ ಬಂದಾಗ, ಪ್ರೀತಿಯಿಂದ ಎಂಬಂತೆ ಅವನ ಬೆನ್ನಿನ ಮೇಲೆ ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿ, ಹಳೆಯ ಗೆಳೆಯನಾದ ನನ್ನ ಕಡೆ ತಿರುಗಿ, "ಗಟ್ಟಿ ಅದ. ಬಿರುಕಿಲ್ಲ" ಅಂದಿದ್ದ. ಮದುವೆಯಾಯಿತು. ಇವತ್ತಿಗೂ ಅಳಿಯನಲ್ಲಿ ಬಿರುಕು ಕಂಡಿಲ್ಲ.

ವಾಡಿ ಜಂಕ್ಷನ್ನಿನಲ್ಲಿ ಅವನ ನೌಕರಿಯೇ ಅದು. ಗಾಡಿ ಬಂದು ನಿಂತರೆ ಉದ್ದ ಹಿಡಿಕೆಯ ಸುತ್ತಿಗೆಯಿಂದ ಗಾಲಿಗಳನ್ನು ಬಡಿಯುತ್ತಾ ಹೋಗಬೇಕು, ಸದ್ದಿನಲ್ಲೇ ಬಿರುಕು ಹಿಡಿಯಬೇಕು. "ಮನಷ್ಯಾ ಸುಳ್ಳ ಹೇಳ್ತಾನ, ಕಬ್ಬಿಣ ಹೇಳಂಗಿಲ್ಲ" ಎನ್ನುತ್ತಿದ್ದ. ಹಾಗೆನ್ನುವಾಗ ನನ್ನನ್ನೇ ನೋಡುತ್ತಿದ್ದ.

ನೋಡಲಿ. ಸುಳ್ಳಿನಲ್ಲಿ ನನ್ನನ್ನು ಮೀರಿಸುವವರು ಚಿತ್ತಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಕಾಳಗಿ ಬಸ್ಸಿನ ಕಂಡಕ್ಟರನಾಗಿದ್ದಾಗ, ತೆಂಗಳಿಯಲ್ಲಿ ಹೋಳಿಗೆ ಊಟವಿದೆ ಎಂದು ಹೇಳಿ ಅರ್ಧ ಬಸ್ಸು ಖಾಲಿ ಮಾಡಿಸಿದವನು ನಾನು.

ನಿವೃತ್ತನಾದ ಮೇಲೆ ಬಂಡೆಪ್ಪ ಚಿತ್ತಾಪುರದಲ್ಲಿ ನನ್ನ ಮಗ್ಗುಲ ಮನೆ ಕೊಂಡ. ನಡುವೆ ಒಂದೇ ಗೋಡೆ. ಹೆಂಡತಿ ಕಸ್ತೂರಿಬಾಯಿಯ ಜೊತೆ, ಅವಳಿಗಿಂತ ಜೋಪಾನವಾಗಿ, ಎರಡು ಅಡಿಯ ಗಾಜಿನ ತೊಟ್ಟಿಯೊಂದನ್ನೂ ತಂದ. ಅದರಲ್ಲಿ ಇದ್ದದ್ದು ಉಪ್ಪು ನೀರು, ಜೀವಂತ ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಎರಡು ಮೀನು. ಯಾವಾಗಲೋ ಮುಂಬೈಗೆ ಹೋದಾಗ ಡಾಕ್ಟರರೊಬ್ಬರ ದವಾಖಾನೆಯಲ್ಲಿ ಇಂಥದ್ದನ್ನು ಕಂಡು, ತೋರಿಸಲು ಹೋದ ಹೊಟ್ಟೆನೋವನ್ನೇ ಮರೆತು ಬಂದಿದ್ದನಂತೆ.

ನಮ್ಮ ಕಡೆಯ ನೀರು ನಿಮಗೆ ಗೊತ್ತು. ಕುದಿಸಿದರೆ ಪಾತ್ರೆಗೆ ಸುಣ್ಣ ಬಳಿದಂತಾಗುತ್ತದೆ. ಬಂಡೆಪ್ಪ ಹನಿ ಹನಿ ಸೋಸಿ, ಸಮುದ್ರದ ಉಪ್ಪು ಬೆರೆಸಿ, ಅಳೆದು ಸುರಿಯುತ್ತಿದ್ದ. ಬ್ಯಾಸಗಿಯಲ್ಲಿ ಮೀನಿಗೆ ತಂಪು ಮಾಡುವ ಯಂತ್ರ, ಮನುಷ್ಯರಿಗೆ ಬೀಸಣಿಕೆ. "ನಾ ಬೆಂದ್ರ ನಡೀತದ್ರಿ, ಮೀನ ಬೇಯಬಾರ್ದು ಇವ್ರಿಗಿ" ಎನ್ನುತ್ತಿದ್ದಳು ಕಸ್ತೂರಿಬಾಯಿ. ಸಮುದ್ರವನ್ನೇ ನೋಡದವರೆಲ್ಲ ನೋಡಲು ಬರುತ್ತಿದ್ದರು. ಒಬ್ಬ ಮುದುಕಿ ಹವಳ ಅರಳುವುದನ್ನು ಕಂಡು ಕೈ ಮುಗಿದಳು. "ಕೈ ಮುಗೀಬ್ಯಾಡ ಯವ್ವ. ಅವು ಕಲ್ಲಲ್ಲ, ಜೀವ ಅವ. ನೆಳ್ಳ ಬಿದ್ರ ಅಂಜ್ತಾವ, ಜರಾ ಸರ್ದ ನಿಲ್ಲು" ಅಂದ.

ಇಂಥ ಮನುಷ್ಯನನ್ನು ಕಾಡಿಸದೆ ಬಿಡಲು ನನಗೇನು ಹುಚ್ಚೇ? ಒಮ್ಮೆ ದನಿ ಬದಲಿಸಿ ಫೋನು ಮಾಡಿದೆ: "ನಿಮ್ಮ ಮೀನಿನ ಪಾರ್ಸಲ್ ತಪ್ಪಿ ಶಹಾಬಾದದಾಗ ಇಳದದ. ಬಾಲ್ದಿ ತಗೊಂಡ ಬರ್ರಿ." ನಡು ಮಧ್ಯಾಹ್ನ ಬಾಲ್ದಿ ಹಿಡಿದು ಶಹಾಬಾದ ಸ್ಟೇಷನ್ನಿನಲ್ಲಿ ಎರಡು ತಾಸು ನಿಂತು ಬಂದ. ಬೈಯಲಿಲ್ಲ. ಮರುದಿನದಿಂದ ನಾನು "ಚಹಾ ಆರ್ಲಿಕತ್ತದ" ಅಂದರೂ ಕಪ್ಪು ಮುಟ್ಟಿ ನೋಡತೊಡಗಿದ, ಅಷ್ಟೇ.

ಹವಳಗಳು ಬೆಳೆದವು. ಒಂದಕ್ಕೊಂದು ತಾಗಿದರೆ ಸುಟ್ಟುಕೊಂಡು ಸಾಯುತ್ತವೆಯಂತೆ. "ಅಣ್ಣತಮ್ಮರು ಒಂದ ಖೋಲ್ಯಾಗ ದೊಡ್ಡಾದಂಗ. ಬ್ಯಾರೆ ಮನಿ ಮಾಡಿಕೊಡಬೇಕು" ಎಂದು ಹೈದರಾಬಾದಿನಿಂದ ಐದು ಅಡಿಯ ಹೊಸ ತೊಟ್ಟಿ ತರಿಸಿದ. ತುಂಬಿದರೆ ಎರಡು ಎಮ್ಮೆ ನಿಂತಷ್ಟು ಭಾರ. ಪಡಸಾಲೆಯಲ್ಲಿ ಕಸ್ತೂರಿಬಾಯಿಯ ಟ್ರಂಕು ಇದ್ದ ಮೂಲೆಯನ್ನು, ನನಗೆ ಹೇಳದೆ, ಅದಕ್ಕೆ ಗೊತ್ತು ಮಾಡಿದ.

ಸ್ಥಳಾಂತರದ ದಿನ ನಾನು ಹೋದಾಗ ಹಳೆಯ ತೊಟ್ಟಿ ಖಾಲಿಯಾಗಿತ್ತು. ತಳದಲ್ಲಿ ಮರಳು ಮಾತ್ರ ಉಳಿದಿತ್ತು. ಅದನ್ನು ಕಲಕಿದರೆ ವರ್ಷಗಟ್ಟಲೆ ಕೂತ ಹೊಲಸೆಲ್ಲ ಎದ್ದು ವಿಷವಾಗುತ್ತದೆ ಎಂದು ಮುಟ್ಟಗೊಟ್ಟಿರಲಿಲ್ಲ. ಹವಳಗಳೂ ಮೀನುಗಳೂ ಹಳೆಯ ನೀರಿನ ಟಬ್ಬುಗಳಲ್ಲಿ ಕಾಯುತ್ತಿದ್ದವು. ಹೊರಗೆ ಬ್ಯಾಸಗಿ ಬಿಸಿಲು. ತಂಪಿನ ಯಂತ್ರವನ್ನು ಹೊಸ ತೊಟ್ಟಿಗೆ ಜೋಡಿಸಿ ಆಗಿತ್ತು, ಒಂದು ಗೇಣು ನೀರೂ ಬಿದ್ದಿತ್ತು. "ನೀರ ಬಿಸಿ ಆಗೂದರಾಗ ಇವ್ರನ್ನ ಒಳಗ ಬಿಡಬೇಕು. ತಡ ಆದ್ರ ಒಬ್ರೂ ಉಳಿಯಂಗಿಲ್ಲ" ಅಂದ.

ಆಗಲೇ ತೊಟ್ಟಿ ನಿಂತ ಜಾಗ ನನಗೆ ಕಂಡದ್ದು.

"ಬಂಡೆಪ್ಪ, ನೀರ ಬಂದ್ ಮಾಡು. ಅದರ ಕೆಳಗ ಹಗೇವು ಅದ!"

ಆ ಮನೆ ಮೊದಲು ಜೋಳದ ವ್ಯಾಪಾರಿಗಳದು. ನೆಲದೊಳಗೆ ಆಳುದ್ದದ ಗುಂಡಿ ತೋಡಿ ಜೋಳ ತುಂಬಿಡುತ್ತಿದ್ದರು. ಅದೇ ಹಗೇವು. ಹುಡುಗನಾಗಿದ್ದಾಗ ಮಾಸ್ತರರ ಹೊಡೆತ ತಪ್ಪಿಸಿಕೊಳ್ಳಲು ಅದರಲ್ಲಿ ಇಳಿದು ಕೂತವನು ನಾನು. ಆಮೇಲೆ ಬಾಯಿಗೆ ಶಹಾಬಾದ ಕಲ್ಲು ಹಾಸಿ ಮುಚ್ಚಿದ್ದರು.

ಬಂಡೆಪ್ಪ ತಿರುಗಿಯೂ ನೋಡಲಿಲ್ಲ. "ಶಹಾಬಾದಕ್ಕ ಬಾಲ್ದಿ ತಗೊಂಡ ಹೋಗ್ಲೇನು?"

"ನಿಮಗ ಯಾಳ್ಯಾ ಇಲ್ಲೇನ್ರಿ ಅಣ್ಣಾ? ಜೀವ ಬಾಯಾಗ ಹಿಡದ ನಿಂತೀವಿ, ಈಗೂ ಚಾಷ್ಟಿ!" ಎಂದು ಕಸ್ತೂರಿಬಾಯಿ ಹರಿಹಾಯ್ದಳು.

ಆಣೆ ಹಾಕಿದೆ. ನಕ್ಕರು. ಇನ್ನೊಂದು ಆಣೆ ಹಾಕಿದೆ. ತೊಟ್ಟಿ ಹೊರಲು ಬಂದ ನಾಲ್ವರು ಹಮಾಲರೂ ನಕ್ಕರು. ಜೀವನದಲ್ಲಿ ಮೊದಲ ಸಲ ಖರೆ ಹೇಳುತ್ತಿದ್ದೆ, ಕೇಳುವವರೇ ಇಲ್ಲ! ನೀರು ಎರಡು ಗೇಣಾಯಿತು. ಮೂಲೆಯಲ್ಲಿದ್ದ ಅವನ ಹಳೆಯ ಸುತ್ತಿಗೆ ತಂದು ಕೈಗೆ ತುರುಕಿ, "ನನ್ನ ಮಾತ ಬ್ಯಾಡೋ, ಇದರ ಮಾತರ ಕೇಳು!" ಎಂದು ಕೂಗಿದೆ.

ನನ್ನ ಬಾಯಿ ಮುಚ್ಚಿಸಲೆಂದೇ ಅವನು ಬಗ್ಗಿದ. ಬಾಗಿಲ ಹತ್ತಿರ ಬಡಿದ: ಠಕ್. ನಡುವೆ ಬಡಿದ: ಠಕ್. ತೊಟ್ಟಿಯ ಕಾಲಿನ ಬುಡದಲ್ಲಿ ಬಡಿದ: ಧಬ್. ಮತ್ತೊಮ್ಮೆ. ಧಬ್.

ಅಳಿಯನನ್ನೂ ಬಡಿದು ನೋಡಿದವನು ತನ್ನ ಮನೆಯ ಆ ಮೂಲೆಯನ್ನು ಬಡಿದಿರಲಿಲ್ಲ. ಟ್ರಂಕು ನಿಂತಿದೆಯಲ್ಲ, ಗಟ್ಟಿಯೇ ಇರಬೇಕು ಅಂದುಕೊಂಡಿದ್ದ.

"ನೀರ ಬಂದ್ ಮಾಡ್ರಿ" ಅಂದ, ಮೆಲ್ಲಗೆ. ಆಮೇಲೆ ಟಬ್ಬುಗಳ ಹತ್ತಿರ ಹೋಗಿ ನೀರು ಎಷ್ಟು ಬಿಸಿಯಾಗಿದೆ ಎಂದು ಮುಟ್ಟಿ ನೋಡಿದ. ಅವನ ಮನೆಯಲ್ಲಿ ಐದು ಅಡಿಗೆ ಮತ್ತೊಂದು ಜಾಗವೇ ಇರಲಿಲ್ಲ.

"ನಮ್ಮ ಪಡಸಾಲಿ ಬಡದ ನೋಡು ಬಾ" ಅಂದೆ. ಬಂದ. ಮೂಲೆ ಮೂಲೆ ಬಡಿದ. ಗೋಡೆಯನ್ನೂ ಬಡಿದ. ಮಂಚವನ್ನು ಹೊರಗೆ ಎಸೆದೆವು. ನೀರು ತೋಡಿ, ತೊಟ್ಟಿ ಹೊತ್ತು ತಂದು, ಮತ್ತೆ ತುಂಬಿಸಿ, ಒಂದೊಂದೇ ಹವಳವನ್ನು ಕೂಸಿನಂತೆ ಇಳಿಸುವಾಗ ಹೊತ್ತು ಇಳಿದಿತ್ತು. ಎರಡು ಹವಳ ಹೋದವು, ಉಳಿದವೆಲ್ಲ ಬದುಕಿದವು. ಮೀನುಗಳಂತೂ ಆ ಮನೆ ತಮ್ಮ ಅಪ್ಪನದೇ ಎಂಬಂತೆ ತಿರುಗತೊಡಗಿದವು.

ಹೀಗೆ ಸಮುದ್ರ ನನ್ನ ಮನೆಗೆ ಬಂತು. ಅದರ ಬೆನ್ನಿಗೆ ಬಂಡೆಪ್ಪನೂ ದಿನಾ ಮುಂಜಾನೆ, ಸಂಜೆ ಬಂದ. ನನಗೆ ಉಪ್ಪು ಅಳೆಯುವುದು ಕಲಿಸಿದ. ನಾನು ಅಳೆದದ್ದನ್ನು ತಾನು ಮತ್ತೊಮ್ಮೆ ಅಳೆಯುತ್ತಿದ್ದ. ನೋಡಲು ಬಂದವರಿಗೆಲ್ಲ ಇದು ನಾನೇ ಕಟ್ಟಿಸಿದ್ದು ಅನ್ನುತ್ತಿದ್ದೆ. ಅವನು ಅಲ್ಲವೆನ್ನುತ್ತಿರಲಿಲ್ಲ, "ಹೌದ್ರಿ, ಜಾಗಾ ಇವ್ರದೇ" ಎಂದು ತಲೆಯಾಡಿಸುತ್ತಿದ್ದ.

ಈ ವರ್ಷ ಅವನಿಗೆ ಉಸಿರಿನ ತ್ರಾಸು ಹೆಚ್ಚಾಗಿ ಕಲಬುರಗಿ ದವಾಖಾನೆ ಸೇರಿದ. ನೋಡಲು ಹೋದೆ. ಮೂಗಿಗೆ ನಳಿಗೆ, ಮೈಯಲ್ಲಿ ಎಲುಬು ಮಾತ್ರ. ಕೂರುವ ಮೊದಲೇ ಕೇಳಿದ, "ಹಸರ ಹವಳ ಹ್ಯಾಂಗದ?"

ಹಸಿರು ಹವಳ ಮೂರು ದಿನದಿಂದ ಮುದುಡಿ ಕೂತಿತ್ತು. ಇಂಥ ಹೊತ್ತಿನಲ್ಲಿ ಅದನ್ನು ಹೇಳುವುದು ಹೇಗೆ?

"ಮಸ್ತ್ ಅದ. ತಾಟಿನಷ್ಟ ಅರಳ್ಯಾದ" ಅಂದೆ.

ಬಂಡೆಪ್ಪ ನನ್ನ ಮುಖ ನೋಡಿದ. ಕಣ್ಣಲ್ಲೇ ನಕ್ಕ.

"ಛಲೋ ಆತು. ಮನಿಗಿ ಹೋದ ಕೂಡ್ಲೇ ಎರಡ ಬಾಲ್ದಿ ನೀರ ಬದಲ ಮಾಡು. ಬೆಳಕ ಜರಾ ಕಮ್ಮಿ ಇಡು. ಎರಡ ದಿನದಾಗ ಖರೇನ ಅರಳ್ತದ."

ಅವನು ಹೇಳಿದಂತೆಯೇ ಮಾಡಿದೆ. ಆದರೆ ಹವಳ ಅರಳಿದ್ದು ಐದನೆಯ ದಿನ. ನೀರಿನ ವಿಷಯದಲ್ಲಿ ಬಂಡೆಪ್ಪನ ಲೆಕ್ಕ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅದನ್ನೇ ಹಿಡಿದು ತಿಂಗಳುಗಟ್ಟಲೆ ಕಾಡಿಸಬಹುದಿತ್ತು. ಆದರೆ ಮೂರನೆಯ ದಿನವೇ ಅವನನ್ನು ಮಣ್ಣು ಮಾಡಿ ಬಂದಿದ್ದೆವು.