ಎದುರುಮನೆಯ ಸಂಪಿನ ಮುಚ್ಚಳ

ಆ ದಿನ ನಾನು ಎದುರುಮನೆಯ ಸಂಪಿನ ಮುಚ್ಚಳದ ಮೇಲೆ ಹೋಗಿ ಕೂತಿದ್ದು ಹುಚ್ಚು ಹಿಡಿದಲ್ಲ, ಸಿಟ್ಟು ನೆತ್ತಿಗೇರಿ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಆ ಮನೆಯ ಓನರ್ ಹಗ್ಗ ಹಿಡಿದು ನಿಂತಿದ್ದಾರೆ, ಒಬ್ಬ ಆಳು ಅಂಗಿ ಬಿಚ್ಚಿ ನೆಲದಡಿಯ ನೀರಿನ ಸಂಪು ತೊಳೆಯಲು ಇಳಿಯುವವನಿದ್ದಾನೆ. ನೈಟಿಯ ಮೇಲೊಂದು ಟವೆಲ್ ಹೊದ್ದು, ಸಾರಿನ ಉರಿಯನ್ನೂ ಆರಿಸದೆ ಓಡಿದೆ. ಅವರು ಮುಚ್ಚಳ ಎತ್ತುವಷ್ಟರಲ್ಲಿ ಅದರ ಮೇಲೆ ಕೂತುಬಿಟ್ಟೆ.

ಪ್ಲಂಬಿಂಗ್ ಕೆಲಸಕ್ಕೆ ಹೋಗುತ್ತಿದ್ದ ನನ್ನ ತಮ್ಮ ಸತ್ತಿದ್ದು ಇದೇ ಕುರುಬರಹಳ್ಳಿಯ ಇಂಥದೇ ಸಂಪಿನಲ್ಲಿ. ಮುಚ್ಚಿಟ್ಟ ಸಂಪಿನ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಒಬ್ಬ ಇಳಿದರೆ ಇನ್ನೊಬ್ಬ ಮೇಲೆ ನಿಂತು ಮಾತಾಡಿಸುತ್ತಲೇ ಇರಬೇಕು. ಉತ್ತರ ನಿಂತ ಕ್ಷಣ ಹಗ್ಗ ಎಳೆಯಬೇಕು. ನನ್ನ ತಮ್ಮನನ್ನು ಮಾತಾಡಿಸಬೇಕಾಗಿದ್ದ ಮನೆಯಾತ ಫೋನ್ ಬಂತೆಂದು ಗೇಟಿನಾಚೆ ಹೋಗಿದ್ದ. ಫೋನಂತೆ ಫೋನು! ಅವನ ಬಾಯಿಗೆ ಮಣ್ಣು ಬೀಳಲಿ ಎಂದು ಇವತ್ತಿಗೂ ಶಪಿಸುತ್ತೇನೆ.

ಆಮೇಲೆ ನಾನು ನಮ್ಮ ಬೀದಿಯ ಮನೆಮನೆಗೂ ಅಲೆದೆ, ಗೋಗರೆದೆ, ಜಗಳವಾಡಿದೆ. ಕೊನೆಗೆ ಎಲ್ಲರೂ ಸೇರಿ ಸಂಪು ತೊಳೆಯುವ ರೋಬೋ ಕೊಂಡೆವು. ಕೈ, ಕ್ಯಾಮೆರಾ, ಸ್ಪೀಕರ್ ಇರುವ, ಚಕ್ರದ ಮೇಲೆ ಓಡಾಡುವ ಪುಟ್ಟ ಯಂತ್ರ ಅದು. ಹೊಸಹಳ್ಳಿ, ಅತ್ತಿಗುಪ್ಪೆಯ ಬೀದಿಗಳವರೂ ಒಂದೊಂದು ಕೊಂಡು, ಎಲ್ಲವನ್ನೂ ಒಂದೇ ಜಾಲಕ್ಕೆ ಸೇರಿಸಿದ್ದಾರೆ. ಇಂಥ ಕಡೆ ಕೆಲಸವಿದೆ ಎಂದು ಜಾಲದಲ್ಲಿ ಹಾಕಿದರೆ, ನಡೆಸಲು ಕಲಿತವರಲ್ಲಿ ಬಿಡುವಿದ್ದವರು ತಾವಿರುವ ಊರಿನಲ್ಲೇ ಕೂತು ಅಲ್ಲಿನ ಯಂತ್ರವನ್ನು ನಡೆಸುತ್ತಾರೆ. ಅಂದು ಮಾತ್ರ ಯಾರೂ ಜಾಲಕ್ಕೆ ಬಂದಿರಲಿಲ್ಲ. ಯಂತ್ರ ಎದುರುಮನೆಯ ಗೋಡೆ ಪಕ್ಕ ತೆಪ್ಪಗೆ ನಿಂತಿತ್ತು. ಹಿಡಿದು ಬೈಯೋಣವೆಂದರೆ ಆ ಜಾಲಕ್ಕೆ ಆಫೀಸಿಲ್ಲ, ಒಬ್ಬ ಮ್ಯಾನೇಜರ್ ಕೂಡ ಇಲ್ಲ!

"ಏಳಿ ಆಂಟಿ, ಐದು ನಿಮಿಷದ ಕೆಲ್ಸ. ಬೆಳಿಗ್ಗೆಯಿಂದ ಕಾಯ್ತಾ ಇದೀವಿ, ಯಾರೂ ಕನೆಕ್ಟ್ ಆಗ್ತಿಲ್ಲ. ನಾಳೆ ನೀರು ಬಿಡ್ತಾರೆ," ಎಂದರು ಓನರ್.

"ಐದೇ ನಿಮಿಷ ಆದ್ರೆ ನೀವೇ ಇಳೀರಿ! ಹಗ್ಗ ನಾನು ಹಿಡ್ಕೊತೀನಿ."

ಅವರ ಮುಖ ಇಂಗು ತಿಂದ ಮಂಗನಂತಾಯಿತು. ಆಳು, "ನಂದೂ ಹೊಟ್ಟೆಪಾಡಲ್ವಾ ಅಮ್ಮ, ಬಿಡಿ," ಎಂದ. ನನಗೆ ಅವನ ಮೇಲೂ ರೇಗಿತು.

"ನಿನ್ ಹೆಂಡ್ತಿಗೆ ಫೋನ್ ಮಾಡು. ಅವಳು ಇಳಿ ಅಂದ್ರೆ ಏಳ್ತೀನಿ."

ಅವನು ತಲೆ ತಗ್ಗಿಸಿ ಅಂಗಿ ಹಾಕಿಕೊಂಡ. ಕರೆಸಿದ ತಪ್ಪಿಗೆ ಅವನ ಕೂಲಿ ಕೊಡಿ ಎಂದು ಓನರ್‌ಗೆ ಗದರಿದೆ. ಬಿಸಿಲೇರಿತು. ನಮ್ಮ ಮನೆಯಿಂದ ಸಾರು ಸೀದ ವಾಸನೆ ರಸ್ತೆಗೇ ಬಂತು. ಪಕ್ಕದ ಮನೆಯವರು ಹೋಗಿ ಒಲೆ ಆರಿಸಿದರು. ನಾನು ಮಾತ್ರ ಏಳಲಿಲ್ಲ.

ಆಗ ಯಂತ್ರದ ದೀಪ ಹತ್ತಿತು.

"ಅಕ್ಕಾರ, ಸ್ವಲ್ಪ ಸರೀರಿ, ಮುಚ್ಚಳ ತೆಗೀಬೇಕು," ಎಂದಿತು ಸ್ಪೀಕರಿನಿಂದ ಒಬ್ಬ ಗಂಡಸಿನ ದನಿ.

"ಇಷ್ಟೊತ್ತು ಎಲ್ಲಿ ಸತ್ತಿದ್ದೆ?" ಎಂದು ಹರಿಹಾಯ್ದೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

"ಕರೆಂಟ್ ಹೋಗಿತ್ರಿ. ಗದಗಿನ್ಯಾಗ ನಮ್ಮ ಮನ್ಯಾಗ ಕುಂತೀನಿ."

ಎದ್ದೆ. ಓನರ್ ಯಂತ್ರಕ್ಕೆ ಹಗ್ಗ ಕಟ್ಟಿ ಒಳಗಿಳಿಸಿದರು. ಕೆಸರು ಕೆರೆಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಕೆಳಗೆ ಮನುಷ್ಯರಿಲ್ಲವೆಂದು ಗೊತ್ತಿದ್ದರೂ ಸಂಪಿನ ಅಂಚಿಗೆ ಧಾವಿಸಿದೆ.

"ಏಯ್, ಮಾತಾಡೋ!" ಎಂದು ಬಗ್ಗಿ ಕೂಗಿದೆ.

"ಏನ್ ಮಾತಾಡ್ಲಿರೀ ಅಕ್ಕಾರ?" ಸಂಪಿನೊಳಗಿಂದ ದನಿ ಬಂತು.

"ಏನಾದ್ರೂ ಮಾತಾಡು. ನಿಲ್ಲಿಸಿದ್ರೆ ನೋಡು!"

ಅವನು ನಕ್ಕು, ಬೆಳಿಗ್ಗೆ ತಿಂದ ರೊಟ್ಟಿ, ಬದನೆಕಾಯಿ ಪಲ್ಯದಿಂದ ಶುರುಮಾಡಿದ. ನಾನು ಓನರ್ ಕೈಯಿಂದ ಹಗ್ಗ ಕಿತ್ತುಕೊಂಡು, ಹೂಂ ಹೂಂ ಎನ್ನುತ್ತಾ ಕೆಲಸ ಮುಗಿಯುವವರೆಗೂ ಅಲ್ಲೇ ನಿಂತೆ. ನಡುವೆ ಓನರ್ ಫೋನ್ ರಿಂಗಾಯಿತು. ಅವರು ನನ್ನ ಮುಖ ನೋಡಿ ಕಟ್ ಮಾಡಿದರು.