ತಾಳುಬೆಟ್ಟದಿಂದ ಮೇಲಕ್ಕೆ, ರಸ್ತೆಯಲ್ಲೇ

ಆ ಭಾನುವಾರ ನನಗೆ ಆದದ್ದನ್ನು ಯಾರೂ ಅನ್ಯಾಯವೆಂದು ಕರೆಯಲಿಲ್ಲ. ಆದ್ದರಿಂದ ನಾನೇ ಬರೆದಿಡುತ್ತಿದ್ದೇನೆ.

ಭೂಮಾಪನ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ಓಡಲು ಕಲಿತೆ. ಮುಳ್ಳೂರಿನ ಕಡೆಯ ರಸ್ತೆಯಲ್ಲಿ ಒಬ್ಬನೇ ಓಡಿಕೊಂಡಿದ್ದವನನ್ನು ಮೈಸೂರಿನ ಓಟಗಾರರ ಗುಂಪೊಂದು ಸೇರಿಸಿಕೊಂಡಿತು. ನಾಲ್ಕು ವರ್ಷ, ಭಾನುವಾರ ತಪ್ಪದೆ, ಕೊಳ್ಳೇಗಾಲದಿಂದ ಮೊದಲ ಬಸ್ಸು ಹಿಡಿದು ಹೋದೆ. ಆ ನಾಲ್ಕು ವರ್ಷಗಳಲ್ಲಿ ನನ್ನ ಹೆಸರು ಕೇಳಿದವರು ಇಬ್ಬರೇ. ಉಳಿದವರಿಗೆ ನಾನು ಅಂಕಲ್.

ಒಮ್ಮೆಯಾದರೂ ಪೂರ್ತಿ ಮ್ಯಾರಥಾನ್ ಓಡಬೇಕೆಂಬುದು ನನ್ನ ಆಸೆಯಾಗಿತ್ತು. ನನಗಾಗ ಅರವತ್ತೆಂಟು. ಮಂಡಿ ಪರೀಕ್ಷಿಸಿದ ವೈದ್ಯರು, "ಓಡೋದಾದ್ರೆ ಈ ವರ್ಷ ಓಡಿಬಿಡಿ. ಆಮೇಲೆ ನನ್ನ ಒಪ್ಪಿಗೆ ಕೇಳಬೇಡಿ" ಎಂದಿದ್ದರು. ಆ ವರ್ಷದ ಮ್ಯಾರಥಾನ್‌ನಲ್ಲಿ ಗುಂಪಿಗೆ ಹನ್ನೆರಡು ಜಾಗಗಳು ಸಿಕ್ಕಿದ್ದವು. ಕೌದಳ್ಳಿಯಿಂದ ಮಾದೇಶ್ವರ ಬೆಟ್ಟದವರೆಗೆ, ಘಟ್ಟದ ರಸ್ತೆಯಲ್ಲಿ, ನಾಲ್ಕೂವರೆ ಗಂಟೆಯೊಳಗೆ ಓಡಿ ಮುಗಿಸಿದವರಿಗೆ ಆ ಜಾಗಗಳೆಂದು ನಮ್ಮ ನಾಯಕ ಘೋಷಿಸಿದ. ಮೂವತ್ತೈದು ದಾಟದ ಹುಡುಗ; ಮಾತು ಮಾತ್ರ ಜಿಲ್ಲಾಧಿಕಾರಿಯ ಧಾಟಿಯದು.

ಎಲ್ಲರ ಕೈಯಲ್ಲೂ ದೂರ ದಾಖಲಿಸುವ ಗಡಿಯಾರಗಳಿದ್ದವು. ನನ್ನದು ಹೊತ್ತು ಮಾತ್ರ ತೋರಿಸುವ ಹಳೆಯ ಗಡಿಯಾರ. ಅದಕ್ಕೇ ಹಿಂದಿನ ದಿನವೇ ನಾಯಕನಿಗೆ ಫೋನ್ ಮಾಡಿ, ನನ್ನ ಲೆಕ್ಕ ಹೇಗೆಂದು ವಿಚಾರಿಸಿದ್ದೆ. "ಮೂರು ಕಡೆ ನೀರಿನ ಗಾಡಿ ನಿಂತಿರುತ್ತೆ ಅಂಕಲ್. ಅವರು ಗುರುತು ಹಾಕ್ಕೊಂಡ್ರೆ ಸಾಕು" ಎಂದ. ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಬೆಳಗಿನ ಐದೂವರೆಗೆ ಹೊರಟೆವು. ಮೊದಲ ಗಾಡಿಯಲ್ಲಿ ಗುರುತು ಬಿತ್ತು. ಎರಡನೆಯದು ತಾಳುಬೆಟ್ಟದಲ್ಲಿ; ಅಲ್ಲಿಯೂ ಬಿತ್ತು. ಘಟ್ಟ ಏರುವ ರಸ್ತೆ ಶುರುವಾಗುವುದು ಅಲ್ಲಿಂದಲೇ. ಹರಕೆ ಹೊತ್ತು ನಡೆದು ಬರುವ ಭಕ್ತರು ರಸ್ತೆ ಬಿಟ್ಟು ಕಾಡಿನೊಳಗಿನ ಕಡಿದಾದ ಕಾಲುದಾರಿ ಹಿಡಿಯುವುದೂ ಅಲ್ಲಿಂದಲೇ. ಅದು ರಸ್ತೆಯ ತಿರುವುಗಳನ್ನೆಲ್ಲ ಕತ್ತರಿಸಿಕೊಂಡು ನೇರವಾಗಿ ಮೇಲೇರುತ್ತದೆ.

ನಾನು ರಸ್ತೆಯಲ್ಲೇ ಹತ್ತಿದೆ. ಕಾಲುದಾರಿ ರಸ್ತೆಯನ್ನು ದಾಟುವ ಒಂದು ತಿರುವಿನಲ್ಲಿ, ಮೋಟುಗೋಡೆಯ ಮೇಲೆ ಮಾಂಬಳ್ಳಿಯ ರೈತರೊಬ್ಬರು ಬರಿಗಾಲು ಇಳಿಬಿಟ್ಟು ಕುಳಿತಿದ್ದರು. ಗುಂಪಿನವರೆಲ್ಲ ತೊಡುವ ನನ್ನ ಹಳದಿ ಬನಿಯನ್ ನೋಡಿ ನಕ್ಕರು.

"ಅದ್ಯಾಕ್ ಸಾ, ನೀವೊಬ್ರೇ ಇಂಗ್ ಸುತ್ತಾಕ್ಕಂಡ್ ಬತ್ತಿದ್ದೀರಿ? ನಿಮ್ ತರದ್ದೇ ಅಂಗಿಯೋರು ಆಗ್ಲೇ ಈ ಕಾಲ್ದಾರೀಲಿ ಅತ್ಕಂಡ್ ಓದ್ರು. ಏಳೆಂಟು ಜನ ಇದ್ರು ಕಣ್ರಿ."

"ರಸ್ತೇಲೇ ಹೋಗಬೇಕು ಅಂತ ನಿಯಮ" ಎಂದೆ.

"ನೇಮಾನಾ? ಅರಕೆ ಒತ್ತಿರೋನು ನಾನು, ನೇಮ ನಿಮ್ಗಾ?" ಎಂದು ತೊಡೆ ತಟ್ಟಿಕೊಂಡು ನಕ್ಕು, "ಓಗಿ ಓಗಿ, ಮಾದಪ್ಪ ನೋಡ್ಕತಾನೆ" ಎಂದರು.

ಮಾದಪ್ಪ ನೋಡಿದನೋ ಇಲ್ಲವೋ, ಗುಂಪಿನವರಂತೂ ನೋಡಲಿಲ್ಲ. ಮೂರನೆಯ ಗಾಡಿ ನಿಲ್ಲಬೇಕಿದ್ದ ಜಾಗ ತಲುಪಿದಾಗ ಗಾಡಿ ಇರಲಿಲ್ಲ. ಕಿತ್ತಳೆ ಸಿಪ್ಪೆ ಬಿದ್ದಿತ್ತು, ಕೋತಿಗಳು ಖಾಲಿ ಲೋಟಗಳನ್ನು ನೆಕ್ಕುತ್ತಿದ್ದವು. ಆಮೇಲೆ ತಿಳಿದದ್ದಿಷ್ಟು: ಕಾಲುದಾರಿ ಹಿಡಿದವರು ಬೇಗ ಮೇಲೆ ತಲುಪಿ, "ಎಲ್ಲಾ ಬಂದಾಯ್ತು, ಗಾಡಿ ತನ್ನಿ" ಎಂದು ಫೋನ್ ಮಾಡಿದ್ದರು. ಆ ಎಲ್ಲರಲ್ಲಿ ನಾನು ಸೇರಿರಲಿಲ್ಲ. ಒಂದು ಗುಟುಕು ನೀರಿಲ್ಲದೆ ಉಳಿದ ಏರನ್ನು ಹತ್ತಿದೆ. ಮೇಲೆ ಕಾಲಿಟ್ಟಾಗ ಹತ್ತು ಗಂಟೆಗೆ ಇನ್ನೂ ಎಂಟು ನಿಮಿಷವಿತ್ತು.

ಫೋಟೋ ತೆಗೆದಾಗಿತ್ತು. ಹನ್ನೆರಡು ಹೆಸರುಗಳನ್ನೂ ಓದಿಯಾಗಿತ್ತು.

"ಅರೆ, ಅಂಕಲ್! ನೀವು ಬಸ್ಸಲ್ಲಿ ಬರ್ತೀರಿ ಅಂದ್ಕೊಂಡಿದ್ವಿ" ಎಂದ ನಾಯಕ. ನಾನು ಹೊತ್ತು ತೋರಿಸಿದೆ. ಅವನು ಪಟ್ಟಿ ತೋರಿಸಿದ. ಮೂರನೆಯ ಗುರುತು ಇಲ್ಲವಲ್ಲ ಎಂದ. ಗುರುತು ಹಾಕಬೇಕಾದ ಗಾಡಿಯೇ ಇರಲಿಲ್ಲವಲ್ಲ ಎಂದೆ. ಕಾಲುದಾರಿಯಲ್ಲಿ ಬಂದವರಿಗೂ ಆ ಗುರುತು ಇರಲಾರದು, ಅವರ ಹೆಸರು ಹೇಗೆ ಬಂತು ಎಂದೂ ಕೇಳಿದೆ.

"ಅವರದ್ದು ವಾಚಲ್ಲಿ ಇದೆಯಲ್ಲ ಅಂಕಲ್. ದೂರ ಸ್ವಲ್ಪ ಕಡಿಮೆ ಬಂದಿದೆ, ಒಪ್ತೀನಿ. ಆದ್ರೆ ಕಾಲುದಾರಿ ಎಷ್ಟು ಕಡಿದು! ಅದು ಇನ್ನೂ ಒಳ್ಳೆ ಟ್ರೈನಿಂಗ್."

ತಿರುವಿನಲ್ಲಿ ನನ್ನನ್ನು ಕಂಡ ರೈತರು ಇನ್ನೇನು ಬರುತ್ತಾರೆ, ಅವರನ್ನೇ ಕೇಳಿ ಎಂದೆ. ಯಾರೋ ಹಿಂದಿನಿಂದ, "ಕೋರ್ಟ್ ಕೇಸಾ ಅಂಕಲ್, ಸಾಕ್ಷಿ ಕರೆಸೋಕೆ?" ಎಂದರು. ನಗು ಎದ್ದಿತು. ನನ್ನ ಹೆಸರು ಬಲ್ಲ ಇಬ್ಬರಲ್ಲಿ ಒಬ್ಬಾಕೆ ಆ ಗುಂಪಿನಲ್ಲಿದ್ದರು. ಅವರು ನಗಲಿಲ್ಲ, ಮಾತನ್ನೂ ಆಡಲಿಲ್ಲ. ಎರಡನ್ನೂ ನಾನು ಮರೆತಿಲ್ಲ.

ನಾಯಕ ನನ್ನ ಹೆಗಲ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಕೋಬೇಡಿ. ಮ್ಯಾರಥಾನ್ ದಿನ ನಮ್ಜೊತೆ ಬನ್ನಿ, ನೀರು ಕೊಡೋಕೆ ಜನ ಬೇಕು. ಮುಂದಿನ ವರ್ಷ ಇದ್ದೇ ಇದೆಯಲ್ಲ."

ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ. ಊರು ಮುಟ್ಟಿ, ಗುಂಪಿಲ್ಲದೆ ಒಬ್ಬನೇ ಹೆಸರು ನೋಂದಾಯಿಸಬಹುದೇ ಎಂದು ಮ್ಯಾರಥಾನ್ ನಡೆಸುವವರನ್ನು ವಿಚಾರಿಸಿದೆ. ಒಬ್ಬೊಬ್ಬರೇ ಸೇರುವ ಅವಧಿ ಹಿಂದಿನ ವಾರವೇ ಮುಗಿದಿತ್ತು. ನಾಯಕನ ಮಾತನ್ನು ನಂಬಿ ನಾನು ಆ ವಾರವನ್ನು ಕಾಯುತ್ತ ಕಳೆದಿದ್ದೆ.

ಮ್ಯಾರಥಾನ್ ಮುಗಿಯಿತು. ಕಾಲುದಾರಿಯವರಲ್ಲಿ ಇಬ್ಬರು ಅರ್ಧಕ್ಕೇ ಬಿಟ್ಟರೆಂದು ಕೇಳಿದೆ. ಅದರಿಂದ ನನಗೆ ಸಂತೋಷವಾಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಆ ಸಂತೋಷ ಒಂದು ಮಧ್ಯಾಹ್ನವೂ ಉಳಿಯಲಿಲ್ಲ. ಅವರು ಬಿಟ್ಟ ಜಾಗಗಳಲ್ಲಿ ಒಂದು ನನ್ನದಾಗಿತ್ತು.

ಈಗ ವರ್ಷ ಕಳೆದಿದೆ. ಮಂಡಿ ಮನೆಯ ಮೆಟ್ಟಿಲಿಗೇ ತಕರಾರು ಮಾಡುತ್ತದೆ. ಈ ಸಲದ ಮ್ಯಾರಥಾನ್‌ಗೆ ಹೆಸರು ಕೊಡುವಂತೆ ನಾಯಕ ಮೊನ್ನೆ ಎಲ್ಲರಿಗೂ ಕಳಿಸಿದ ಸಂದೇಶ ನನಗೂ ಬಂತು. ನಾಲ್ಕು ವರ್ಷ ಜೊತೆಗೆ ಓಡಿದವನು ಬರುವುದು ನಿಲ್ಲಿಸಿದ್ದಾನೆಂಬುದು ಅವನ ಗಮನಕ್ಕೆ ಇನ್ನೂ ಬಂದಿಲ್ಲ.